ಬೆಕ್ಕಿಗೆಂದು ತಂದದ್ದು

ಇದನ್ನು ಬರೆಯುವಾಗ ನನ್ನ ಎಡಗಾಲಿನ ಸಾಕ್ಸ್ ಒದ್ದೆಯಾಗಿದೆ. ಬದಲಾಯಿಸಬಹುದು. ಬದಲಾಯಿಸಿಲ್ಲ. ಸಿಟ್ಟು ಆರುವ ಮೊದಲು ಬರೆದು ಮುಗಿಸೋಣ ಅಂತ ಹಾಗೇ ಕೂತಿದ್ದೇನೆ. ಎರಡರಲ್ಲಿ ಯಾವುದು ಮೊದಲು ಆರುತ್ತದೋ ನೋಡೋಣ.

ಪೇಪರ್ ತರಲು ಗೇಟಿನ ತನಕ ಹೊರಟಿದ್ದೆ, ಅಷ್ಟೇ. ಚಪ್ಪಲಿ ಯಾಕೆ, ಹತ್ತು ಹೆಜ್ಜೆ ತಾನೇ ಅಂತ ಸಾಕ್ಸಲ್ಲೇ ಇಳಿದೆ. ಎಡಗಡೆಯಿಂದ 'ಟಕ್' ಅಂತು. ಆ ಸದ್ದು ಕೇಳಿದರೆ ಈಗ ನನ್ನ ಮೈ ನನ್ನನ್ನು ಕೇಳದೆ ನೆಗೆಯುತ್ತದೆ. ಬಲಗಾಲು ಪಾರಾಯಿತು. ಎಡಗಾಲು ಮೊದಲಿಂದಲೂ ಸ್ವಲ್ಪ ಸೋಮಾರಿ.

ಮೂರು ವಾರದಲ್ಲಿ ಇದು 11ನೇ ಸಲ. ಲೆಕ್ಕ ಇಟ್ಟಿದ್ದೇನೆ. ಇದೇ ಮೂರು ವಾರದಲ್ಲಿ ಬೆಕ್ಕು ಒದ್ದೆಯಾದದ್ದು ಒಂದೇ ಸಲ. ಅದೂ ಮಳೆಗೆ.

ಮನೆಯ ಮುಂದೆ ಒಂದಿಷ್ಟು ಜಾಗ ಇದೆ. ನಾನು ಅದಕ್ಕೆ ತೋಟ ಅನ್ನುತ್ತೇನೆ, ಮನೆಯವರು 'ಆ ಮಣ್ಣು' ಅನ್ನುತ್ತಾರೆ. ಅಲ್ಲಿ ಎರಡು ದಿನ ಅಗೆದು, ಕಲ್ಲು ಆರಿಸಿ, ಹೆಂಟೆ ಒಡೆದು, ಹಿಟ್ಟಿನ ಹಾಗೆ ಹುಡಿ ಮಾಡಿ ಪಾತಿ ಕಟ್ಟಿ ಬೀಜ ಹಾಕಿದೆ. ಅಂಥ ಸಡಿಲ ಮಣ್ಣು ನೋಡಿದರೆ ಖುಷಿಯಿಂದ ಕುಣಿಯುವವರು ಇಬ್ಬರೇ. ಒಬ್ಬ ತೋಟ ಮಾಡುವವನು. ಇನ್ನೊಂದು ಬೆಕ್ಕು. ಬೆಕ್ಕಿಗೆ ಅದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಬೆಳಗ್ಗೆ ಎದ್ದು ನೋಡಿದರೆ ಪಾತಿಯ ನಟ್ಟನಡುವೆ ಅಚ್ಚುಕಟ್ಟಾಗಿ ಮುಚ್ಚಿದ ಒಂದು ಗುಡ್ಡೆ, ಅದರ ಸುತ್ತ ತಲೆಕೆಳಗಾಗಿ ಬಿದ್ದ ಮೊಳಕೆಗಳು.

ಓಡಿಸಿದೆ. ಬೈದೆ. ಚಪ್ಪಲಿ ಎಸೆದೆ, ಅದು ಪಾತಿಯ ಮೇಲೆಯೇ ಬಿದ್ದು ಉಳಿದಿದ್ದ ನಾಲ್ಕು ಮೊಳಕೆಯೂ ಹೋದವು. ಕೊನೆಗೆ ಈ ಯಂತ್ರ ತಂದೆ.

ನೋಡಲು ಸಾಧು. ನೆಲಕ್ಕೆ ಚುಚ್ಚುವ ಒಂದು ಕೋಲು, ಮೇಲೆ ಕಪ್ಪೆಯ ಕಣ್ಣಿನಂಥ ಉಬ್ಬಿದ ಪ್ಲಾಸ್ಟಿಕ್ ಗುಮ್ಮಟ, ಹೊಟ್ಟೆಯಲ್ಲಿ ನಾಲ್ಕು ಬ್ಯಾಟರಿ, ಬೆನ್ನಿಗೆ ನಲ್ಲಿಯಿಂದ ಬಂದ ಪೈಪು. ಮುಂದೆ ಏನಾದರೂ ಹಾದರೆ ಒಳಗಿನ ವಾಲ್ವ್ ತೆರೆದು ನಾಲ್ಕೈದು ಸೆಕೆಂಡು ನೀರು ಚಿಮ್ಮುತ್ತದೆ. ವಿಷ ಇಲ್ಲ, ಬೋನು ಇಲ್ಲ, ಪ್ರಾಣಿಗೆ ನೋವೂ ಇಲ್ಲ. ಡಬ್ಬಿಯ ಮೇಲೆ ಓಡುತ್ತಿರುವ ಬೆಕ್ಕು, ಓಡುತ್ತಿರುವ ನಾಯಿ, ಓಡುತ್ತಿರುವ ಜಿಂಕೆ, ಕೊನೆಗೆ ಮುಖವಾಡ ಹಾಕಿಕೊಂಡು ಓಡುತ್ತಿರುವ ಒಬ್ಬ ಕಳ್ಳ. ಮನೆ ಯಜಮಾನನ ಚಿತ್ರ ಎಲ್ಲೂ ಇರಲಿಲ್ಲ.

ಅದರ ತಲೆಯ ಮೇಲೊಂದು ಸ್ಪ್ರಿಂಗ್ ಕಟ್ಟಿದ ತೋಳಿದೆ. ಚಿಮ್ಮುವ ನೀರು ಅದನ್ನು ಆಚೆ ತಳ್ಳುತ್ತದೆ, ಸ್ಪ್ರಿಂಗ್ ಈಚೆ ಎಳೆಯುತ್ತದೆ, ತೋಳು ಬಂದು ತಲೆಗೆ ಬಡಿಯುತ್ತದೆ, ತಲೆ ಒಂದಿಷ್ಟು ತಿರುಗುತ್ತದೆ. ಟಕ್ ಟಕ್ ಟಕ್. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಂಬೆ, ಕಿತ್ತಳೆ ಜಾತಿಯ ಹಣ್ಣು ಬೆಳೆಯುತ್ತಿದ್ದ ಆರ್ಟನ್ ಎಂಗಲ್‌ಹಾರ್ಟ್ ಎಂಬಾತ ಕಂಡುಹಿಡಿದದ್ದಂತೆ, ಗಿಡಗಳಿಗೆ ನೀರು ಹಾಯಿಸಲು. ಪುಣ್ಯಾತ್ಮನ ಉದ್ದೇಶ ಒಳ್ಳೆಯದೇ. ಅದಕ್ಕೆ ಆಮೇಲೆ ಕಣ್ಣು ಅಂಟಿಸಿದ್ದು ಬೇರೆಯವರು.

ಆ ಕಣ್ಣಿನ ವಿಷಯ ಹೇಳಲೇಬೇಕು. ಅದಕ್ಕೆ ಏನೂ ಕಾಣುವುದಿಲ್ಲ. ಬೆಕ್ಕು ಯಾವುದು, ಕಳ್ಳ ಯಾರು, ಪೈಪಿಗೆ ನೀರು ಕೊಡುವ ಧಣಿ ಯಾರು, ಒಂದೂ ಗೊತ್ತಿಲ್ಲ. ಬಿಸಿ ಇರುವ ಮೈಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬರುತ್ತಲೇ ಇರುತ್ತದಲ್ಲ, ಅದಷ್ಟೇ ಅದಕ್ಕೆ ಗೊತ್ತು. ಒಳಗೆ ಅಕ್ಕಪಕ್ಕ ಎರಡು ತುಣುಕು. ಎರಡಕ್ಕೂ ಒಂದೇ ಬಿಸಿ ತಾಗಿದರೆ ಸುಮ್ನೆ ಇರುತ್ತದೆ. ಒಂದಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ ತಾಗಿದರೆ ಯಾರೋ ಹಾದರು ಅಂತ ಅರ್ಥ. ಪ್ಲಾಸ್ಟಿಕ್ ಗುಮ್ಮಟದ ತುಂಬ ಪುಟ್ಟ ಪುಟ್ಟ ಮಸೂರಗಳಿವೆ. ಅವು ಮುಂದಿನ ಜಾಗವನ್ನು ಬೀಸಣಿಗೆಯ ಹಾಗೆ ಪಟ್ಟೆ ಪಟ್ಟೆಯಾಗಿ ಸೀಳುತ್ತವೆ. ಪಟ್ಟೆಗಳನ್ನು ಅಡ್ಡ ದಾಟಿದರೆ ತಕ್ಷಣ ಸಿಕ್ಕಿಬೀಳುತ್ತೀರಿ. ನೇರವಾಗಿ ಅದರ ಕಡೆಗೇ ನಡೆದು ಬಂದರೆ ಅದಕ್ಕೆ ಗೊತ್ತಾಗುವುದು ನಿಧಾನ. ಅಲ್ಲಾಡದೆ ನಿಂತರೆ ನೀವು ಒಂದು ಕಂಬ.

ಇಷ್ಟೆಲ್ಲ ನನಗೆ ಗೊತ್ತಾದದ್ದು ಏಳನೇ ಸಲ ನೆಂದ ಮೇಲೆ, ಜೊತೆಗೆ ಬಂದ ಪುಸ್ತಕವನ್ನು ಮೊದಲ ಸಲ ಬಿಡಿಸಿದಾಗ. ಬೆಕ್ಕಿಗೆ ಮೊದಲ ರಾತ್ರಿಯೇ ಗೊತ್ತಾಗಿತ್ತು. ಅದು ಗೋಡೆಯಿಂದ ಇಳಿದು ಯಂತ್ರದ ಮೂತಿಗೇ ಗುರಿಯಿಟ್ಟು, ಹೊಟ್ಟೆ ನೆಲಕ್ಕೆ ತಾಗುವಂತೆ, ಒಂದು ಹೆಜ್ಜೆ ಇಟ್ಟು ನಿಂತು, ಇನ್ನೊಂದು ಹೆಜ್ಜೆ ಇಟ್ಟು ನಿಂತು, ಮೆಲ್ಲಗೆ ಬಂದು ಪಕ್ಕದಲ್ಲಿ ನುಸುಳಿ ಬೆನ್ನ ಹಿಂದೆ ಹೋಗುತ್ತದೆ. ಯಂತ್ರದ ಬೆನ್ನ ಹಿಂದೆ ಕಣ್ಣಿಲ್ಲ, ನೀರೂ ಬೀಳುವುದಿಲ್ಲ. ಈಗ ಇಡೀ ತೋಟದಲ್ಲಿ ಒಣಗಿರುವ ಜಾಗ ಅದೊಂದೇ. ಅದರ ಕಕ್ಕಸು ಈಗ ಅಲ್ಲಿದೆ. ಪೈಪಿನ ಸಂದಿಯಲ್ಲಿ ಒಂಚೂರು ನೀರು ಸೋರುತ್ತದೆ, ಕುಡಿಯಲು ಅನುಕೂಲ.

ಜೊತೆಗೆ ಅದಕ್ಕೆ ತುಪ್ಪಳ ಬೇರೆ. ಒಳಗೆ 38 ಡಿಗ್ರಿ ದಾಟಿದ ಬಿಸಿ ಇದ್ದರೂ ಕೂದಲು ಅದನ್ನು ಒಳಗೇ ಹಿಡಿದಿಡುತ್ತದೆ. ನನ್ನ ತಲೆಯ ವಿಷಯ ನೋಡಿದವರಿಗೆ ಗೊತ್ತು. ಬೆಳಗಿನ ತಂಪಿನಲ್ಲಿ ಅದು ಯಂತ್ರದ ಕಣ್ಣಿಗೆ ಹುಣ್ಣಿಮೆ ಚಂದ್ರ.

ನಿಲ್ಲಿಸಬಾರದಾ ಅಂತ ಕೇಳುತ್ತೀರಿ. ನಿಲ್ಲಿಸುವ ಗುಂಡಿ ಅದರ ಕುತ್ತಿಗೆಯಲ್ಲಿದೆ. ನಲ್ಲಿ ಅದರ ಆಚೆ, ಗೋಡೆಯ ಮೂಲೆಯಲ್ಲಿದೆ. ಅದರ ಮುಂದೆ ಹಾಯದೆ ಎರಡಕ್ಕೂ ಕೈ ಎಟುಕುವುದಿಲ್ಲ. ಹೀಗೆ ಹೂಳಿದ್ದು ಯಾರು ಅಂತ ಕೇಳಬೇಡಿ. ಬೆಕ್ಕಿನ ದಾರಿಯನ್ನೂ ಹಿಡಿದು ನೋಡಿದೆ. ಅದರ ಮೂತಿಯನ್ನೇ ದಿಟ್ಟಿಸುತ್ತಾ, ಹೆಜ್ಜೆಗೊಮ್ಮೆ ನಿಲ್ಲುತ್ತಾ, ಹೆಣ್ಣು ನೋಡಲು ಬಂದವನ ಹಾಗೆ ವಿನಯದಿಂದ ಮುಂದುವರಿದೆ. ಒಂದು ಮೊಳದ ಹತ್ತಿರ ಬಂದೆ. ಗೆದ್ದೆ ಅಂದುಕೊಂಡು ಗುಂಡಿ ಒತ್ತಲು ಬಾಗಿದೆ. ಬಾಗುವುದೂ ಪಟ್ಟೆ ದಾಟುವುದೇ ಅಂತ ಹೊಳೆದದ್ದು ಒಂದು ಮೊಳದ ದೂರದಿಂದ ಮೂಗಿನ ಹೊಳ್ಳೆಗೆ ನೀರು ನುಗ್ಗಿದ ಮೇಲೆ.

ಆದರೆ ಇದೆಲ್ಲ ಮೇಷ್ಟ್ರ ದಿನದ ಮುಂದೆ ಏನೂ ಅಲ್ಲ.

ಮೇಷ್ಟ್ರು ಎದುರು ಮನೆಯವರು, ರಿಟೈರ್ ಆಗಿ ಎಷ್ಟೋ ವರ್ಷ ಆಯಿತು. ದಿನಾ ಬೆಳಗ್ಗೆ ನಾನು ಏಳುವ ಮೊದಲೇ ಗೇಟು ತೆಗೆದು ಬಂದು, ನಮ್ಮ ಮೆಟ್ಟಿಲ ಮೇಲೆ ಕೂತು, ನಮ್ಮ ಪೇಪರ್ ಓದುತ್ತಿದ್ದರು. ಓದುವುದು ಅಂದರೆ ಜೋರಾಗಿ, ನಡುನಡುವೆ 'ಛೆ ಛೆ', 'ಹೇಳಿದ್ನಲ್ಲ ನಾನು' ಸೇರಿಸಿ. ಪದಬಂಧ ತುಂಬಿಸುತ್ತಿದ್ದರು, ಅದೂ ತಪ್ಪು ತಪ್ಪಾಗಿ, ಅದೂ ಪೆನ್ನಲ್ಲಿ. ಮಡಚುವಾಗ ಒಳಗಿನ ಹಾಳೆ ಹೊರಗೆ, ಹೊರಗಿನದು ಒಳಗೆ. ನನಗೆ ಇದು ಎಂಥ ಕಿರಿಕಿರಿ ಆಗಿತ್ತು ಅಂತ ಹೇಳುವುದಕ್ಕೆ ಇನ್ನೊಂದು ಲೇಖನ ಬೇಕು.

ಯಂತ್ರ ಹೂಳಿದ ಮೊದಲ ವಾರ. ಒಣಹಾಕಿದ್ದ ಟವೆಲ್ ತರಲು ಹೋಗಿ ಪಾತಿಯ ಎದುರು ಸಿಕ್ಕಿಕೊಂಡೆ. ಒಂದು ಸಲ ಹೊಡೆಯಿತು. ನಿಂತೆ. ಅದೂ ನಿಂತಿತು. ಕಾಲು ಎತ್ತಿದೆ, ಹೊಡೆಯಿತು. ಮತ್ತೆ ನಿಂತೆ. ಅಲ್ಲಾಡದಿದ್ದರೆ ಹೊಡೆಯುವುದಿಲ್ಲ ಅಂತ ಅಷ್ಟರಲ್ಲಿ ಅಂದಾಜಾಯಿತು. ಆದರೆ ಒಬ್ಬ ಮನುಷ್ಯ ಎಷ್ಟು ಹೊತ್ತು ಕಂಬವಾಗಿ ಇರಲು ಸಾಧ್ಯ? ಒಂದು ಕೈ ಟವೆಲ್ ಕಡೆಗೆ ಚಾಚಿದ್ದೆ, ಒಂದು ಹಿಮ್ಮಡಿ ಎತ್ತಿತ್ತು. ಕಿವಿಯ ಹಿಂದಿನಿಂದ ಒಂದು ಹನಿ ಬೆನ್ನಿಗೆ ಇಳಿಯುತ್ತಿತ್ತು, ಯಾವ ಮೂಳೆಯ ಹತ್ತಿರ ಬಂತು ಅಂತ ಎಣಿಸಬಹುದಾಗಿತ್ತು. ಜೇಬಿನಲ್ಲಿ ಫೋನ್ ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಮೂಗಿನ ತುದಿಯಲ್ಲಿ ತುರಿಕೆ. ಗೋಡೆಯ ಮೇಲೆ ಬೆಕ್ಕು, ಬಾಲ ಸುತ್ತಿಕೊಂಡು, ಟಿಕೆಟ್ ಕೊಂಡು ಬಂದವರ ಹಾಗೆ ನೋಡುತ್ತಿತ್ತು.

ಆಗ ಮೇಷ್ಟ್ರು ಗೇಟಿನ ಹತ್ತಿರ ಬಂದರು. ಅವತ್ತು ಅವರಿಗೆ ತಡವಾಗಿತ್ತು.

"ಏನ್ರೀ, ವ್ಯಾಯಾಮನಾ?"

ನಾನು ತುಟಿ ಮಾತ್ರ ಅಲ್ಲಾಡಿಸಿ, "ಬರಬೇಡಿ," ಅಂದೆ.

"ಆಂ?"

"ಬರಬೇಡಿ. ಅಲ್ಲಾಡೋ ಹಾಗಿಲ್ಲ."

ಮೇಷ್ಟ್ರ ಮುಖ ಬದಲಾಯಿತು. ನನ್ನ ಎತ್ತಿದ ಹಿಮ್ಮಡಿ ನೋಡಿದರು. ಪಾತಿ ನೋಡಿದರು. ಪಿಸುದನಿಯಲ್ಲಿ ಕೇಳಿದರು, "ಹಾವಾ?"

ಇಲ್ಲ ಅಂತ ತಲೆ ಅಲ್ಲಾಡಿಸಬಹುದಿತ್ತು. ತಲೆ ಅಲ್ಲಾಡಿಸಿದರೆ ನೀರು. ಒಂದು ಕ್ಷಣ ಯೋಚಿಸಿದೆ. ಆ ಒಂದು ಕ್ಷಣದಲ್ಲಿ ಮೇಷ್ಟ್ರು ಗೇಟಿಗೆ ಒರಗಿಸಿದ್ದ ಕಸಬರಿಗೆ ಕೈಗೆ ತಗೊಂಡು, ಪಂಚೆ ಎತ್ತಿ ಕಟ್ಟಿ, "ಹೆದರಬೇಡಿ, ನಾನಿದೀನಿ!" ಅಂತ ಕೂಗುತ್ತಾ ಓಡಿ ಬಂದರು. ಅಡ್ಡಡ್ಡ. ಎಲ್ಲ ಪಟ್ಟೆಗಳನ್ನೂ ದಾಟಿಕೊಂಡು.

ಯಂತ್ರ ಅವತ್ತು ಯಾವ ಮುಲಾಜೂ ಇಟ್ಟುಕೊಳ್ಳಲಿಲ್ಲ. ಮೊದಲು ಕನ್ನಡಕ ಹೋಯಿತು. ಮೇಷ್ಟ್ರು ಹಾವು ಉಗುಳಿತು ಅಂದುಕೊಂಡರೋ ಏನೋ, ಕಣ್ಣು ಮುಚ್ಚಿಕೊಂಡು ಕಸಬರಿಗೆಯನ್ನು ಸುತ್ತಲೂ ಬೀಸತೊಡಗಿದರು. ಬೀಸಿದಷ್ಟೂ ಅದು ಹೊಡೆಯಿತು, ಹೊಡೆದಷ್ಟೂ ಇವರು ಬೀಸಿದರು. ಎರಡು ಏಟು ನನಗೂ ಬಿತ್ತು. ತಮಾಷೆ ಅಂದರೆ, ನಿಜವಾಗಿ ಹಾವೇ ಬಂದಿದ್ದರೆ ಯಂತ್ರ ಬಹುಶಃ ಸುಮ್ನೆ ಇರುತ್ತಿತ್ತು. ಹಾವಿನ ಮೈ ಸುತ್ತಲಿನ ನೆಲದಷ್ಟೇ ತಣ್ಣಗೆ, ಅದರ ಕಣ್ಣಿಗೆ ಹಾವೂ ಒಂದೇ ಕಲ್ಲೂ ಒಂದೇ. ಒಬ್ಬನನ್ನು ಕಾಪಾಡಲು ಓಡಿಬಂದ ಮುದುಕ ಮಾತ್ರ ಬೆಚ್ಚಗಿರುತ್ತಾನೆ.

ಅವತ್ತು ಟವೆಲ್ ಕೊಟ್ಟೆ. ತಲೆ ಒರೆಸಿಕೊಂಡರು. ಕನ್ನಡಕ ಹುಡುಕಿಕೊಟ್ಟೆ. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಜನ ಬರಬಾರದು ಅಂತ ಇಟ್ಟಿದ್ದೀರಿ ಅಂತ ಗೊತ್ತಿರಲಿಲ್ಲ," ಅಂದರು. ಬೆಕ್ಕಿಗೆ ಮೇಷ್ಟ್ರೇ, ಬೆಕ್ಕಿಗೆ, ಅಂದೆ. ಗೋಡೆಯ ಮೇಲೆ ಒಣಗಿ ಕೂತಿದ್ದ ಬೆಕ್ಕನ್ನು ಒಮ್ಮೆ ನೋಡಿದರು, ತೊಟ್ಟಿಕ್ಕುತ್ತಿದ್ದ ತಮ್ಮ ಪಂಚೆಯನ್ನು ಒಮ್ಮೆ ನೋಡಿದರು, ಹೋದರು.

ಅವತ್ತಿನಿಂದ ಪೇಪರ್ ನನಗೆ ಗರಿಗರಿಯಾಗಿ ಸಿಗುತ್ತಿದೆ. ಹಾಳೆ ಹಾಳೆಯ ಜಾಗದಲ್ಲೇ ಇದೆ. ಪದಬಂಧ ಖಾಲಿ. ಎರಡು ವಾರ ಆಯಿತು, ಒಂದು ದಿನವೂ ತುಂಬಿಸಿಲ್ಲ. ಎಡದಿಂದ ಬಲಕ್ಕೆ ಮೂರನೆಯದು ನನಗೆ ಹೊಳೆಯುವುದಿಲ್ಲ, ಅವರಿಗೂ ಹೊಳೆಯುತ್ತಿರಲಿಲ್ಲ, ಆದರೂ ಏನೋ ಒಂದು ಬರೆದಿರುತ್ತಿದ್ದರು. ಬೆಳಗ್ಗೆ ಹಾಸಿಗೆಯಲ್ಲಿ 'ಛೆ ಛೆ' ಕೇಳದೆ ಎದ್ದರೆ, ಜಗತ್ತಿನಲ್ಲಿ ನಿನ್ನೆ ಏನೂ ಕೆಟ್ಟದ್ದು ಆಗಲೇ ಇಲ್ಲವೇನೋ ಅನ್ನಿಸುತ್ತದೆ.

ಯಂತ್ರ ಕಿತ್ತು ಬಿಸಾಕಬೇಕಿತ್ತು. ಮಾಡಲಿಲ್ಲ. ಒಂದು ಬೆಕ್ಕಿಗೆ ಸೋಲುವುದೇ ಅನ್ನುವ ಹಟ. ಪ್ರಾಣಿಗಳು ಬೇಗ ಒಗ್ಗಿಕೊಳ್ಳುತ್ತವೆ, ಆಗಾಗ ಜಾಗ ಬದಲಿಸುತ್ತಿರಿ ಅಂತ ಪುಸ್ತಕದಲ್ಲಿತ್ತು. ಬದಲಿಸಿದೆ. ಬೆಕ್ಕು ಒಂದೇ ರಾತ್ರಿಯಲ್ಲಿ ಹೊಸ ಜಾಗ ಕಲಿತಿತು. ನಾನು ಬೆಳಗ್ಗೆ ಎದ್ದಾಗ ಮರೆತಿದ್ದೆ. ಮತ್ತೆ ಬದಲಿಸಿದೆ. ಮತ್ತೆ ಮರೆತೆ. ನಿನ್ನೆ ಸಂಜೆ ಗೇಟಿನ ದಾರಿಗೆ ಮುಖ ಮಾಡಿ ಹೂಳಿದ್ದೆ, ಸಾಕ್ಸಿನ ಕತೆ ಆಗಲೇ ಹೇಳಿದೆ. ಆಮೇಲೆ ಒಬ್ಬರು ಹೇಳಿದರು, ಬೆಕ್ಕಿಗೆ ಒದ್ದೆ ಮಣ್ಣು ಆಗುವುದಿಲ್ಲ, ದಿನಾ ಪಾತಿಗೆ ಸರಿಯಾಗಿ ನೀರು ಹಾಕಿದ್ದರೆ ಅಷ್ಟೇ ಸಾಕಿತ್ತು ಅಂತ. ಅವರ ಜೊತೆ ನಾನು ಸದ್ಯಕ್ಕೆ ಮಾತಾಡುತ್ತಿಲ್ಲ.

ಗೇಟಿನ ಸದ್ದಾಯಿತು, ಒಂದು ನಿಮಿಷ.

ಮೇಷ್ಟ್ರು. ಆಕಾಶದಲ್ಲಿ ಒಂದು ಮೋಡ ಇಲ್ಲ, ಆದರೂ ಕೊಡೆ ಬಿಚ್ಚಿದ್ದಾರೆ. ತಲೆಯ ಮೇಲಲ್ಲ, ಎದೆಯ ಮುಂದೆ, ಗುರಾಣಿಯ ಹಾಗೆ. ಕಂಕುಳಲ್ಲಿ ಪೆನ್ನಿನ ಡಬ್ಬಿ. ಯಂತ್ರ ಹಳೇ ಜಾಗದಲ್ಲೇ ಇದೆ ಅಂದುಕೊಂಡು ಕೊಡೆಯನ್ನು ಪಾತಿಯ ಕಡೆ ತಿರುಗಿಸಿ, ಬೆನ್ನನ್ನು ಸರಿಯಾಗಿ ಅದರ ಬಾಯಿಗೆ ಕೊಟ್ಟು, ಗೇಟಿನ ಒಳಗೆ ಒಂದು ಕಾಲು ಇಟ್ಟಿದ್ದಾರೆ.

ಓಡಿ ಹೋಗಿ ನಲ್ಲಿ ನಿಲ್ಲಿಸಬೇಕು. ಇನ್ನೊಂದು ಸಾಕ್ಸ್ ಬಿಚ್ಚಿಟ್ಟು ಹೋಗುತ್ತೇನೆ.