ಗೆದ್ದೆವು ಎಂದು ಹೇಳಲು ಅನುಮತಿ ಕೋರಿ

ತೀರ್ಪು ಬಂದಿದ್ದು ಮಧ್ಯಾಹ್ನ ಮೂರೂವರೆಗೆ. ಇನ್ನೂರು ಚಿಲ್ಲರೆ ಪುಟ. ನಮ್ಮ ವಕೀಲರು ನೇರವಾಗಿ ಕೊನೆಯ ಪುಟ ತೆಗೆದರು. ಓದಿದರು. ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಹಿರಿಯ ವಕೀಲರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಅಷ್ಟು ಸಾಕಾಯಿತು.

ನಾನು ಪರಿಸರ ಕಾನೂನು ಸಂಸ್ಥೆಯೊಂದರಲ್ಲಿ 'ಹವಾಮಾನ ಮತ್ತು ಇಂಧನ ಸಂವಹನ'ದ ಮುಖ್ಯಸ್ಥೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಹಾಗಂತ ಇದೆ. ಕೆಲಸ ಇಷ್ಟೇ: ವಕೀಲರಿಗೆ ಅರ್ಥವಾಗಿದ್ದನ್ನು ಉಳಿದವರಿಗೆ ಅರ್ಥವಾಗುವ ಹಾಗೆ ಹೇಳೋದು. ಕಂಪ್ಯೂಟರ್ ಮುಂದೆ ಕೂತು ಪ್ರೆಸ್ ನೋಟಿನ ಮೊದಲ ಸಾಲು ಟೈಪ್ ಮಾಡಿದೆ. "ನಾವು ಗೆದ್ದೆವು."

ಎರಡೇ ಪದ. ಒಪ್ಪಿಗೆಗೆ ವಕೀಲರಿಗೆ ಕಳಿಸಿದೆ. ಅಲ್ಲೇ ತಪ್ಪಾಗಿದ್ದು.

ಮೊದಲ ತಿದ್ದುಪಡಿ ಕೆಂಪಕ್ಷರದಲ್ಲಿ ಬಂತು. 'ನಾವು' ಅಂದರೆ ಯಾರು? ಅರ್ಜಿ ಹಾಕಿದವರು ಬೇರೆ, ನಾವು ಅವರ ಪರ ವಾದಿಸಿದವರು. ತೆಗೆಯಿರಿ. ಸರಿ, "ಅರ್ಜಿದಾರರು ಗೆದ್ದರು" ಅಂತ ಮಾಡಿದೆ. ಎರಡನೆಯವರು ಬರೆದರು: ಎಂಟು ಕೋರಿಕೆಗಳಲ್ಲಿ ಐದನ್ನು ಮಾತ್ರ ಕೋರ್ಟ್ ಒಪ್ಪಿದೆ, ಬರೀ 'ಗೆದ್ದರು' ಅಂದರೆ ಎಂಟೂ ಅಂತ ಓದಿಕೊಳ್ಳುತ್ತಾರೆ. 'ಭಾಗಶಃ' ಸೇರಿಸಿದೆ. ಮೂರನೆಯವರಿಗೆ 'ಗೆಲ್ಲೋದು' ಅನ್ನುವ ಕ್ರಿಯಾಪದದ ಮೇಲೇ ಸಿಟ್ಟು. ಕೋರ್ಟಿನಲ್ಲಿ ಯಾರೂ ಗೆಲ್ಲೋದಿಲ್ವಂತೆ, ಕೋರಿಕೆ 'ಪುರಸ್ಕೃತ' ಆಗುತ್ತಂತೆ. ನಾಲ್ಕನೆಯವರು ಮೇಲ್ಮನವಿಯ ಅವಧಿ ಇನ್ನೂ ಇದೆ ಅಂತ ನೆನಪು ಮಾಡಿದರು. ಸಂಜೆ ಆರರ ಹೊತ್ತಿಗೆ ನನ್ನ ಎರಡು ಪದ ಬೆಳೆದು ಹೀಗಾಗಿದ್ದವು:

"ಮೇಲ್ಮನವಿಯ ಹಕ್ಕಿಗೆ ಧಕ್ಕೆಯಾಗದಂತೆ, ಅರ್ಜಿದಾರರ ಕೆಲವು ಕೋರಿಕೆಗಳನ್ನು ಮಾನ್ಯ ನ್ಯಾಯಾಲಯವು ಭಾಗಶಃ ಪುರಸ್ಕರಿಸಿದೆ ಎಂದು ಪ್ರಾಥಮಿಕ ಓದಿನಿಂದ ಕಂಡುಬರುತ್ತದೆ."

ಕಂಡುಬರುತ್ತದೆ! ಕಣ್ಣೊರೆಸಿಕೊಂಡವರೇ ಸೇರಿಸಿದ ಪದ ಅದು.

ಅಷ್ಟರಲ್ಲಿ ಎದುರು ಕಡೆಯ ಕಂಪನಿಯ ಪ್ರೆಸ್ ನೋಟ್ ಬಂದು ಎರಡು ಗಂಟೆ ಮೇಲಾಗಿತ್ತು. ತೀರ್ಪು ಬಂದ ಹನ್ನೊಂದನೇ ನಿಮಿಷಕ್ಕೆ ಅದು ಎಲ್ಲ ಪತ್ರಿಕೆಗಳ ಮೇಜಿನ ಮೇಲಿತ್ತು. ಇನ್ನೂರು ಪುಟವನ್ನು ಹನ್ನೊಂದು ನಿಮಿಷದಲ್ಲಿ ಓದಿದ ಆ ಮಹಾನುಭಾವರು ಯಾರು ಅಂತ ಕೇಳಬೇಡಿ. ಅವರು ಓದುವುದಿಲ್ಲ, ಮೊದಲೇ ಬರೆದಿಟ್ಟಿರುತ್ತಾರೆ. "ತೀರ್ಪನ್ನು ಸ್ವಾಗತಿಸುತ್ತೇವೆ" ಅಂತ ಶುರು. ಗೆದ್ದರೂ ಸ್ವಾಗತ, ಸೋತರೂ ಸ್ವಾಗತ. ಕೊನೆಗೆ ಒಂದು ಹಸಿರು ಎಲೆಯ ಚಿತ್ರ.

ನನ್ನ ಹೊಟ್ಟೆಯುರಿ ಇದೇ. ನಿಜ ಹೇಳೋಕೆ ನಾಲ್ಕು ಜನರ ಸಹಿ ಬೇಕು. ಬಣ್ಣ ಹಚ್ಚೋಕೆ ಒಬ್ಬರದ್ದೂ ಬೇಡ.

ಬೇಕಿದ್ರೆ ನೋಡಿ. 2019ರ ಮೇ ತಿಂಗಳಲ್ಲಿ ಅಮೆರಿಕದ ಇಂಧನ ಇಲಾಖೆ ದ್ರವರೂಪದ ಅನಿಲದ ರಫ್ತಿನ ಬಗ್ಗೆ ಒಂದು ಪ್ರಕಟಣೆ ಹೊರಡಿಸಿತು. ಅದರಲ್ಲಿ ಆ ಅನಿಲದ ಹೆಸರು 'ಫ್ರೀಡಮ್ ಗ್ಯಾಸ್'. ಜಗತ್ತಿಗೆ ಕಳಿಸುತ್ತಿರುವುದು 'ಅಮೆರಿಕದ ಸ್ವಾತಂತ್ರ್ಯದ ಅಣುಗಳನ್ನು' ಅಂತಲೂ ಇತ್ತು. ನಾನು ತಮಾಷೆ ಮಾಡ್ತಿಲ್ಲ, ಸರ್ಕಾರದ ಕಾಗದ ಅದು. ಆ ಸ್ವಾತಂತ್ರ್ಯದ ಬಹುಪಾಲು ಮೀಥೇನ್. ಉರಿಯದೆ ಸೋರಿಹೋದರೆ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಜಾಸ್ತಿ ಬಿಸಿಯೇರಿಸುತ್ತದೆ. ಇದೇ ಸಾಲನ್ನು ನಾನು ಹೋದ ತಿಂಗಳು ಬರೆದಾಗ ನಮ್ಮವರು ಕೇಳಿದ್ದೇನು ಗೊತ್ತಾ? ಇಪ್ಪತ್ತು ವರ್ಷದ ಲೆಕ್ಕವೋ, ನೂರು ವರ್ಷದ ಲೆಕ್ಕವೋ, ಯಾವ ವರದಿಯ ಯಾವ ಪುಟ, ಅಡಿಟಿಪ್ಪಣಿ ಎಲ್ಲಿ? ಸ್ವಾತಂತ್ರ್ಯದ ಅಣುವಿಗೆ ಅಡಿಟಿಪ್ಪಣಿ ಕೇಳಿದವರು ಯಾರೂ ಇಲ್ಲ.

ಅಲ್ಲ, ಇದೇ ಅನಿಲಕ್ಕಿರುವ 'ನೈಸರ್ಗಿಕ ಅನಿಲ' ಅನ್ನೋ ಹೆಸರನ್ನೇ ನೋಡಿ. ಅದನ್ನಿಟ್ಟ ಪುಣ್ಯಾತ್ಮರಿಗೆ ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಂಥ ಒಂದು ಪದ ನಮ್ಮ ಕಡೆಯವರಿಗೆ ಈ ಜನ್ಮದಲ್ಲಿ ಹೊಳೆಯಲಿಲ್ಲ. ಇಂಗಾಲದ ಹೊಗೆ ಇಳಿಸೋದಕ್ಕೆ ನಮಗೆ ಹೊಳೆದ ಹೆಸರು 'ಡಿಕಾರ್ಬನೈಸೇಷನ್'. ಹೇಳಿ ಮುಗಿಸೋಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ.

ನನ್ನ ಬೋರ್ಡಿನ ಮೇಲಿರುವ 'ಹವಾಮಾನ' ಎಂಬ ಪದದ್ದೂ ಒಂದು ಕಥೆ ಇದೆ. 2002ರಲ್ಲಿ ಫ್ರಾಂಕ್ ಲುಂಟ್ಸ್ ಎಂಬ ರಾಜಕೀಯ ಸಲಹೆಗಾರರು ಅಮೆರಿಕದ ರಿಪಬ್ಲಿಕನ್ನರಿಗೆ ಒಂದು ಟಿಪ್ಪಣಿ ಬರೆದುಕೊಟ್ಟರು. 'ಜಾಗತಿಕ ತಾಪಮಾನ ಏರಿಕೆ' ಅಂದರೆ ಜನ ಹೆದರುತ್ತಾರೆ, 'ಹವಾಮಾನ ಬದಲಾವಣೆ' ಅನ್ನಿ, ಅಷ್ಟು ಹೆದರಿಕೆ ಆಗಲ್ಲ ಅಂತ. 2019ರಲ್ಲಿ ಅವರೇ ಸೆನೆಟರುಗಳ ಮುಂದೆ ಕೂತು ಅವತ್ತು ತಪ್ಪು ಮಾಡಿದೆ ಅಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು, ಪಾಪ. ಪದ ಮಾತ್ರ ಇನ್ನೂ ನನ್ನ ಬಾಗಿಲ ಮೇಲೆ ನೇತಾಡುತ್ತಿದೆ. ಬದಲಾಯಿಸೋಣ ಅಂದರೆ ಅದಕ್ಕೂ ನಾಲ್ಕು ಸಹಿ ಬೇಕು.

ಬಿಪಿ ಎಂಬ ತೈಲ ಕಂಪನಿಯವರು ಇನ್ನೂ ಜಾಣರು. 2000ನೇ ಇಸವಿಯಲ್ಲಿ ತಮ್ಮ ಎರಡಕ್ಷರಕ್ಕೆ 'ಬಿಯಾಂಡ್ ಪೆಟ್ರೋಲಿಯಂ', ಅಂದರೆ 'ಪೆಟ್ರೋಲಿಯಂನ ಆಚೆಗೆ' ಎಂಬ ಹೊಸ ಅರ್ಥ ಹೊಲಿಸಿಕೊಂಡರು. 2004ರಲ್ಲಿ ಯಾರ್ಯಾರು ಎಷ್ಟೆಷ್ಟು ಇಂಗಾಲದ ಹೊಗೆಗೆ ಕಾರಣ ಅಂತ ಲೆಕ್ಕ ಹಾಕಿಕೊಳ್ಳಲು ಜನರ ಕೈಗೆ ಒಂದು ಕಾರ್ಬನ್ ಫುಟ್‌ಪ್ರಿಂಟ್ ಕ್ಯಾಲ್ಕುಲೇಟರ್ ಕೊಟ್ಟರು. ನೆಲದಿಂದ ಎಣ್ಣೆ ಮೇಲೆತ್ತೋರು ಅವರು, ಕೂತು ಲೆಕ್ಕ ಒಪ್ಪಿಸೋರು ನಾವು. ಕುಂಬಳಕಾಯಿ ಕಳ್ಳ ಅಂದರೆ ಊರಿಗೆ ಊರೇ ಹೆಗಲು ಮುಟ್ಟಿ ನೋಡಿಕೊಳ್ಳೋ ಹಾಗೆ ಮಾಡುವುದು ಅಂದರೆ ಸುಮ್ನೆ ಮಾತಲ್ಲ.

ಇಷ್ಟೆಲ್ಲ ಬೈದ ಮೇಲೆ ನಮ್ಮ ವಕೀಲರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ಭಯ ಸುಳ್ಳಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದ ನಾರ್ತ್ ಡಕೋಟಾದ ಜ್ಯೂರಿಯೊಂದು ಪೈಪ್‌ಲೈನ್ ಕಂಪನಿಗೆ 66 ಕೋಟಿ ಡಾಲರಿಗೂ ಹೆಚ್ಚು ಕೊಡಿ ಅಂತ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಗೆ ಹೇಳಿತು. ಆರೋಪಗಳಲ್ಲಿ ಮಾನನಷ್ಟವೂ ಇತ್ತು. ಆಮೇಲೆ ನ್ಯಾಯಾಧೀಶರು ಆ ಮೊತ್ತವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಅರ್ಧವಾದರೂ ನನ್ನಂಥ ಹತ್ತು ಸಂಸ್ಥೆಗಳನ್ನು ಮಾರಿದರೂ ಹುಟ್ಟದ ದುಡ್ಡು. ಹಾಗಾಗಿ ಕೆಂಪಕ್ಷರ ಕಂಡಾಗ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತೇನೆ.

ಅಪರೂಪಕ್ಕೆ ಬಣ್ಣದ ಮಾತಿಗೂ ಕೆಂಪಕ್ಷರ ಬೀಳುವುದುಂಟು. 2024ರ ಮಾರ್ಚಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೋರ್ಟು ಕೆಎಲ್‌ಎಂ ವಿಮಾನ ಕಂಪನಿಯ ಹಸಿರು ಜಾಹೀರಾತುಗಳನ್ನು ಒಂದೊಂದಾಗಿ ಓದಿತು. 19 ಹೇಳಿಕೆಗಳಲ್ಲಿ 15 ದಾರಿ ತಪ್ಪಿಸುವಂಥವು ಅಂದಿತು. ಕರಿ ಕೋಟು ಹಾಕಿದ ನ್ಯಾಯಾಧೀಶರು 'ಜವಾಬ್ದಾರಿಯಿಂದ ಹಾರಿ' ಎಂಬ ಸ್ಲೋಗನ್ ಹಿಡಿದು ಕೂತಿರುವುದನ್ನು ನೆನೆದರೆ ನನಗೆ ಈಗಲೂ ಖುಷಿ. ಒಂದು ದಿನವಾದರೂ ನನ್ನ ಪಾಡು ಅವರ ಜಾಹೀರಾತು ವಿಭಾಗಕ್ಕೂ ಬಂತಲ್ಲ.

ದೇಶ ದೇಶಗಳೇ ಸೇರಿದಾಗಲೂ ಕಥೆ ಇದೇ. ಪ್ಯಾರಿಸ್, 2015ರ ಡಿಸೆಂಬರ್ 12, ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ, ಒಪ್ಪಂದದ ದಿನ. ಎಲ್ಲ ಮುಗಿದು ಚಪ್ಪಾಳೆ ಹೊಡೆಯೋದೊಂದೇ ಬಾಕಿ. ಕೊನೆಯ ಕರಡಿನಲ್ಲಿ ಮುಂದುವರಿದ ದೇಶಗಳು ಇಡೀ ಆರ್ಥಿಕತೆಗೆ ಅನ್ವಯಿಸುವ ಗುರಿ ಇಟ್ಟುಕೊಳ್ಳ'ತಕ್ಕದ್ದು' ಅಂತಿತ್ತು. ಇಂಗ್ಲಿಷಿನ 'ಶಲ್'. ಅಮೆರಿಕದ ವಕೀಲರು ಬೆಚ್ಚಿದರು. ಅದು 'ಶುಡ್' ಆಗಬೇಕಿತ್ತು, ಅಂದರೆ ಇಟ್ಟುಕೊಂಡರೆ ಚೆನ್ನ ಅನ್ನುವಷ್ಟು. ಕಾರ್ಯದರ್ಶಿಗಳು ವೇದಿಕೆಯಿಂದ ಅಚ್ಚಿನ ತಪ್ಪುಗಳ ಪಟ್ಟಿ ಓದಿದರು. ಅಲ್ಪವಿರಾಮದ ಜೊತೆಗೆ ಇದೂ ಹೋಯಿತು. ಇನ್ನೂ ಒಂದು ಸೋಜಿಗ: ಆ ಒಪ್ಪಂದವನ್ನು ಹಿಂದೆ ಮುಂದೆ ತಿರುಗಿಸಿ ಓದಿ, ಕಲ್ಲಿದ್ದಲು, ತೈಲ ಎಂಬ ಪದಗಳೇ ಇಲ್ಲ. ಹೆಸರು ಹೇಳಿದರೆ ಎಲ್ಲಿ ಎದ್ದು ಬಂದುಬಿಡುತ್ತೋ ಅನ್ನೋ ಹಾಗೆ.

2021ರಲ್ಲಿ ಗ್ಲಾಸ್ಗೋದ ಸಮ್ಮೇಳನದಲ್ಲಿ ಕಲ್ಲಿದ್ದಲಿನ ಹೆಸರು ಬಂತು. ಬಂದ ಕೂಡಲೇ 'ಕೊನೆಗಾಣಿಸೋಣ' ಅನ್ನುವುದು ಕಡೇ ಗಳಿಗೆಯಲ್ಲಿ 'ಕಡಿಮೆ ಮಾಡೋಣ' ಆಯಿತು. ಅಧ್ಯಕ್ಷರಾಗಿದ್ದ ಅಲೋಕ್ ಶರ್ಮ ಕ್ಷಮೆ ಕೇಳುತ್ತಾ ಗದ್ಗದಿತರಾದರು. ಎರಡು ವರ್ಷ ಕಳೆದು ದುಬೈನಲ್ಲಿ, 28ನೇ ಸಮ್ಮೇಳನದಲ್ಲಿ, ಪಳೆಯುಳಿಕೆ ಇಂಧನಗಳಿಂದ, ಅಂದರೆ ಕಲ್ಲಿದ್ದಲು-ತೈಲ-ಅನಿಲ ಮೂರರಿಂದಲೂ 'ದೂರ ಸರಿಯೋಣ' ಎಂಬ ಮಾತು ಮೊದಲ ಸಲ ಬಂತು. ಅಧ್ಯಕ್ಷರು ಆ ದೇಶದ ತೈಲ ಕಂಪನಿಯ ಮುಖ್ಯಸ್ಥರು. ಅವರ ಪ್ರೆಸ್ ನೋಟಿಗೆ ಎಷ್ಟು ಸಹಿ ಬೇಕಿತ್ತೋ.

ಇಷ್ಟಾದರೂ ಗೆಲುವು ಅಂದರೆ ಏನು ಅನ್ನೋದು ನನಗೇ ಕೆಲವು ಸಲ ಗೊತ್ತಾಗಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಉರ್ಗೆಂಡಾ ಎಂಬ ಪರಿಸರ ಸಂಸ್ಥೆ ಸರ್ಕಾರದ ಮೇಲೆ ಹಾಕಿದ ಕೇಸು ನನಗಿಷ್ಟ, ಅದರಲ್ಲಿ ಒಂದೇ ಸಂಖ್ಯೆ. 1990ಕ್ಕೆ ಹೋಲಿಸಿದರೆ 2020ರ ಕೊನೆಗೆ ಕನಿಷ್ಠ 25 ಪರ್ಸೆಂಟ್ ಹೊಗೆ ಇಳಿಸಿ. 2015ರಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹೋಯಿತು. 2018ರಲ್ಲಿ ಗೆದ್ದರು. ಮತ್ತೆ ಹೋಯಿತು. 2019ರ ಡಿಸೆಂಬರ್ 20ಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಖಾಯಂ ಮಾಡಿತು. ಗಡುವಿಗೆ ಒಂದು ವರ್ಷ ಹನ್ನೊಂದು ದಿನ ಉಳಿದಿತ್ತು. ಒಂದು ಸಲ 'ಗೆದ್ದೆವು' ಅನ್ನೋಕೆ ಮೂರು ಸಲ ಗೆಲ್ಲಬೇಕಾಯಿತು.

ಶೆಲ್ ಕೇಸು ಇನ್ನೊಂದು ಥರ. 2021ರಲ್ಲಿ ಹೇಗ್ ಕೋರ್ಟು, 2030ರೊಳಗೆ 45 ಪರ್ಸೆಂಟ್ ಇಳಿಸಿ ಅಂತ ಕಂಪನಿಗೆ ಹೇಳಿತು. 2024ರಲ್ಲಿ ಮೇಲಿನ ಕೋರ್ಟು, ಇಳಿಸುವ ಹೊಣೆ ನಿಮ್ಮದೇ, ಆದರೆ ಇಷ್ಟೇ ಅಂತ ಹೇಳೋಕಾಗಲ್ಲ ಅಂದಿತು. ಇದಕ್ಕೆ ಹೆಡ್‌ಲೈನ್ ಬರೆಯಿರಿ ನೋಡೋಣ. ಸ್ವಿಟ್ಜರ್‌ಲ್ಯಾಂಡಿನ ಎರಡು ಸಾವಿರಕ್ಕೂ ಹೆಚ್ಚು ಅಜ್ಜಿಯರು 2024ರ ಏಪ್ರಿಲ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ತಮ್ಮ ಸರ್ಕಾರದ ವಿರುದ್ಧ ಗೆದ್ದರು. ಜೂನ್‌ನಲ್ಲಿ ಅಲ್ಲಿನ ಸಂಸತ್ತು, ನಾವು ಆಗಲೇ ಸಾಕಷ್ಟು ಮಾಡಿದ್ದೇವೆ ಅಂತ ನಿರ್ಣಯ ಮಾಡಿ ಎದ್ದಿತು. ಮನೆಯಲ್ಲಿ ಅಜ್ಜಿ ಬೈದಾಗ ಮೊಮ್ಮಕ್ಕಳು ಹೇಳೋದೂ ಹೀಗೇ ಅಲ್ವಾ.

ಇರಲಿ, ನಮ್ಮ ತೀರ್ಪಿಗೆ ಬರೋಣ. ರಾತ್ರಿ ಒಂಬತ್ತೂವರೆಗೆ ಪತ್ರಿಕೆಯೊಂದರಿಂದ ಫೋನ್.

"ಮೇಡಂ, ಕಂಪನಿಯವರದ್ದು ಆಗಲೇ ಹಾಕಿದ್ದೀವಿ, ಚೊಕ್ಕವಾಗಿತ್ತು. ನಿಮ್ಮದು ಎರಡು ಸಲ ಓದಿದೆ. ಜಾಗ ಇರೋದು ಒಂದು ಸಾಲು. ಸುಮ್ನೆ ಹೇಳಿಬಿಡಿ, ಗೆದ್ರಾ, ಸೋತ್ರಾ?"

ಮೇಜಿನ ಆಚೆ ನಮ್ಮ ಹಿರಿಯ ವಕೀಲರು ಕನ್ನಡಕ ಹಣೆಗೇರಿಸಿಕೊಂಡು ಆ ಒಂದೇ ಹಾಳೆಯ ಮೇಲೆ ಬಗ್ಗಿದ್ದರು. ಫೋನಿಗೆ ಕೈ ಅಡ್ಡ ಇಟ್ಟು, "ಸರ್, ಗೆದ್ವಿ ಅಂತ ಹೇಳಲಾ?" ಅಂದೆ. ತಲೆ ಎತ್ತದೆ ಒಂದು ಬೆರಳು ಎತ್ತಿದರು.

"ಇರಮ್ಮ, ಒಂದು ನಿಮಿಷ. 'ಭಾಗಶಃ' ಅನ್ನೋದನ್ನ 'ಗಣನೀಯವಾಗಿ' ಅಂತ ಮಾಡಬಹುದಾ ನೋಡ್ತಿದ್ದೀನಿ."