ರೋಡ್ರಿಗ್ಸ್‌ನಲ್ಲಿ ಇಳಿತ ಕಾಯುತ್ತ

ಮಾರಿಷಸ್‌ಗೆ ಬರುವ ನಮ್ಮ ಬಂಧುಮಿತ್ರರಿಗೆ, ಐದಾರು ದಿನ ಹೆಚ್ಚಿಗೆ ರಜೆಯಿದ್ದರೆ ರೋಡ್ರಿಗ್ಸ್ ದ್ವೀಪಕ್ಕೂ ಹೋಗಿಬನ್ನಿ ಎಂದು ಹೇಳುವುದು ನನಗೆ ರೂಢಿಯಾಗಿದೆ. ಹೇಳಿದ ಕೂಡಲೇ ಬರುವ ಪ್ರಶ್ನೆ ‘ಅಲ್ಲಿ ನೋಡುವುದಕ್ಕೆ ಏನೇನಿದೆ?’ ಎಂಬುದು. ನಸುಕಿನಲ್ಲೇ ಬಸ್ಸು ಹತ್ತಿ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರುವ ಪ್ರವಾಸಗಳಲ್ಲಿ ಬೆಳೆದ ನಾನೂ ಮೊದಲ ಸಲ ಇದನ್ನೇ ಕೇಳಿದ್ದೆ. ಕಲ್ಲಿನ ಗುಡಿ ನಾವು ಹೋದಾಗ ಅಲ್ಲೇ ಇರುತ್ತದೆ, ಆದ್ದರಿಂದ ಅಲ್ಲಿಗೆ ಆ ಕ್ರಮ ಒಗ್ಗುತ್ತದೆ. ರೋಡ್ರಿಗ್ಸ್‌ನಲ್ಲಿ ಮಾತ್ರ ಯಾವ ಹೊತ್ತಿಗೆ ಏನು ಮಾಡಬಹುದು ಎಂಬುದನ್ನು ಸಮುದ್ರ ನಿರ್ಧರಿಸುತ್ತದೆ.

ಮಾರಿಷಸ್‌ನಿಂದ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 108 ಚದರ ಕಿಲೋಮೀಟರ್. ಅತ್ಯಂತ ಎತ್ತರದ ಗುಡ್ಡ ಮೋಂ ಲಿಮೋಂ 400 ಮೀಟರನ್ನೂ ಮುಟ್ಟುವುದಿಲ್ಲ. ಆದರೆ ಸುತ್ತಲಿನ ಹವಳದ ದಿಬ್ಬದೊಳಗೆ ನಿಂತಿರುವ ತಿಳಿನೀರಿನ ಲಗೂನು ನೆಲಕ್ಕಿಂತ ದುಪ್ಪಟ್ಟು ವಿಶಾಲವಾಗಿದ್ದು, ಊರಿನ ಬದುಕು ಅರ್ಧಕ್ಕರ್ಧ ಅದರೊಳಗೇ ನಡೆಯುತ್ತದೆ.

ಇಳಿತದ ಹೊತ್ತಿಗೆ ದಡದಲ್ಲಿ ನಿಂತರೆ ಅದು ಕಾಣುತ್ತದೆ. ತಲೆಗೆ ಹುಲ್ಲಿನ ಟೋಪಿ, ಕಾಲಿಗೆ ಬೂಟು, ಕೈಯಲ್ಲಿ ಕಬ್ಬಿಣದ ಮೊನೆಯ ಕೋಲು ಹಿಡಿದ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಹುದೂರ ನಡೆದು ಹೋಗುತ್ತಾರೆ. ಅವರು ಹುಡುಕುವುದು ಆಕ್ಟೋಪಸ್ಸನ್ನು. ಕ್ರಿಯೋಲ್ ಮಾತಿನಲ್ಲಿ ‘ಊರಿತ್’. ಅನುಮತಿ ಕೇಳಿ ಒಬ್ಬ ಹಿರಿಯರ ಹಿಂದೆ ನಾನೂ ಒಂದು ಬೆಳಿಗ್ಗೆ ನಡೆದೆ. ನನಗೆ ಎಲ್ಲ ಕಲ್ಲೂ ಒಂದೇ ಬಗೆಯಾಗಿ ಕಂಡವು. ಅವರು ಒಂದು ಸಂದಿಯ ಮುಂದೆ ನಿಂತು, ಅದರ ಬಾಯಲ್ಲಿ ಚೆಲ್ಲಿದ್ದ ಖಾಲಿ ಚಿಪ್ಪುಗಳನ್ನು ಕೋಲಿನಿಂದ ತೋರಿಸಿದರು: ಉಂಡವನ ಮನೆಯಂಗಳ ಅದು. ಎರಡು ಗಂಟೆಯಲ್ಲಿ ಅವರಿಗೆ ಸಿಕ್ಕಿದ್ದು ಮೂರು, ನನಗೆ ಕಂಡದ್ದು ಒಂದೂ ಇಲ್ಲ. ಆದರೂ ನನ್ನ ಎಷ್ಟೋ ಪ್ರವಾಸಗಳಲ್ಲಿ ಅಷ್ಟು ತದೇಕಚಿತ್ತದಿಂದ ನಾನು ಏನನ್ನೂ ನೋಡಿರಲಿಲ್ಲ.

ಸಿಕ್ಕಿದ್ದೆಲ್ಲವನ್ನೂ ಬಾಚುತ್ತಾ ಹೋದರೆ ಲಗೂನು ಬರಿದಾಗುತ್ತದೆ ಎಂಬ ಅರಿವಿನಿಂದ 2012ರಲ್ಲಿ ಇಲ್ಲಿ ಆಕ್ಟೋಪಸ್ ಬೇಟೆಗೆ ಕೆಲವು ವಾರಗಳ ಬಿಡುವು ಜಾರಿಗೆ ಬಂತು. ಮರಿಗಳು ಬಲಿಯಲು ಅವಕಾಶ ಸಿಕ್ಕಿ ಆಮೇಲೆ ಹಿಡಿದ ಆಕ್ಟೋಪಸ್‌ಗಳ ತೂಕ ಹೆಚ್ಚಿತು. ದಿನಗೂಲಿಯಂತೆ ಕಡಲನ್ನೇ ನೆಚ್ಚಿದವರು ಇಷ್ಟು ದಿನ ಕೈಕಟ್ಟಿ ಕೂರಲು ಒಪ್ಪಿದ್ದು ಸಣ್ಣ ಮಾತಲ್ಲ.

ಉಳಿದ ಹೊತ್ತು ನಡಿಗೆಗೆ. ಪೂರ್ವ ದಡದಲ್ಲಿ ಸೇಂಟ್ ಫ್ರಾಂಸ್ವಾದಿಂದ ಗ್ರಾವಿಯೆಗೆ ಹೋಗುವ ಕಾಲುದಾರಿಯಲ್ಲಿ, ಎರಡು ಬಂಡೆಗಳ ನಡುವೆ ಟ್ರೂ ದಾರ್ಜಾಂ ಎಂಬ ಪುಟ್ಟ ಮರಳ ಕೊಲ್ಲಿಯಿದೆ. ಪಶ್ಚಿಮದಲ್ಲಿ ದೋಣಿಯೇರಿ ಇಲ್ ಓ ಕೊಕೋ ದ್ವೀಪಕ್ಕೆ ಹೋದರೆ, ಗೂಡಿಲ್ಲದೆ ಬೋಳು ಕೊಂಬೆಯ ಮೇಲೆಯೇ ಒಂದೇ ಮೊಟ್ಟೆಯಿಟ್ಟು ಕಾವು ಕೊಡುವ ಬಿಳಿ ಟರ್ನ್ ಹಕ್ಕಿಯನ್ನು ಕೈಯಳತೆಯಲ್ಲಿ ಕಾಣಬಹುದು.

2007ರಲ್ಲಿ ತೆರೆದ, ಆಮೆಗಳ ಬೀಡಾದ ಫ್ರಾಂಸ್ವಾ ಲೆಗಾ ರಕ್ಷಿತಾರಣ್ಯಕ್ಕೆ ಅರ್ಧ ದಿನವನ್ನಾದರೂ ಕೊಡಬೇಕು. ಇಲ್ಲಿನ ಮೂಲದ ಆಮೆಗಳನ್ನು ಹದಿನೆಂಟನೇ ಶತಮಾನದಲ್ಲಿ ಹಡಗುಗಳು ಆಹಾರಕ್ಕೆಂದು ಸಾವಿರಗಟ್ಟಲೆ ತುಂಬಿಕೊಂಡು ಹೋಗಿ ನಿರ್ನಾಮ ಮಾಡಿದವು; ಈಗಿರುವವು ಬೇರೆ ಕಡೆಯಿಂದ ತಂದ ದೈತ್ಯ ಆಮೆಗಳು. ಕುತ್ತಿಗೆಯನ್ನು ಮೆಲ್ಲಗೆ ಸವರಿದರೆ ಅವು ಕಾಲೂರಿ ಎದ್ದು ನಿಂತು ಇನ್ನಷ್ಟು ನೀಳವಾಗಿ ಕತ್ತು ಚಾಚುತ್ತವೆ. ಕಾಫಿಯ ಕುಟುಂಬಕ್ಕೆ ಸೇರಿದ ಕಫೆ ಮರೋಂ ಗಿಡದ ಕತೆಯನ್ನೂ ಕೇಳಬೇಕು. ಅಳಿದೇಹೋಯಿತೆಂದು ತಿಳಿದಿದ್ದ ಅದರ ಒಂದೇ ಒಂದು ಗಿಡವನ್ನು 1980ರ ಸುಮಾರಿಗೆ ಒಬ್ಬ ಶಾಲಾ ಬಾಲಕ ಗುರುತಿಸಿದ. ಅದರ ಕಡ್ಡಿಗಳನ್ನು 1986ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ವಿಮಾನದಲ್ಲಿ ಕಳುಹಿಸಿದರು. ಕಡ್ಡಿ ಚಿಗುರಿ ಹೂ ಬಿಟ್ಟರೂ, ಬೀಜ ಕಟ್ಟಿಸಲು 2003ರವರೆಗೆ ಕಾಯಬೇಕಾಯಿತು. ಕಾಫಿತೋಟಗಳ ನಾಡಿನವರಾದ ನಮಗೆ ಆ ಬಿಳಿ ಹೂವಿನ ಮುಂದೆ ನಿಂತಾಗ ಸಂಬಂಧಿಕರನ್ನು ಕಂಡಂತಾಗುತ್ತದೆ.

ಹೋಗುವವರು ಐದು ದಿನವಾದರೂ ಇಟ್ಟುಕೊಳ್ಳಿ, ಮನೆಯವರೇ ಅಡುಗೆ ಮಾಡಿ ಬಡಿಸುವ ಸಣ್ಣ ವಸತಿಗಳಲ್ಲಿ ಉಳಿಯಿರಿ. ದಿನ ಗೊತ್ತುಮಾಡುವ ಮೊದಲು ಗೋಡೆಯ ಮೇಲಿನ ನಮ್ಮ ಪಂಚಾಂಗವನ್ನು ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ, ಬೇಟೆಯ ಬಿಡುವಿನ ಕಾಲವಲ್ಲದಿದ್ದರೆ ಆ ಹೆಂಗಸರು ಅಂದು ಖಂಡಿತ ಲಗೂನಿನಲ್ಲಿರುತ್ತಾರೆ.