ಕನ್ನಡಕದ ಮೇಲಿನ ಮಂಜು

ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಂತೆ ಎದುರಿದ್ದದ್ದೆಲ್ಲ ಮಾಯವಾಗುತ್ತದಲ್ಲ, ಆ ಕಷ್ಟ ಕನ್ನಡಕದವರಿಗೆ ಮಾತ್ರ ಗೊತ್ತು. ಮಾಸ್ಕಿನ ಕಾಲದಲ್ಲಂತೂ ದಿನವಿಡೀ ಅದೇ ಪಾಡು. ಕಳೆದ ವಾರ ನನ್ನ ಪಾಲಿಗೆ ಒಂದು ಇಡೀ ಊರೇ ಮಾಯವಾಯಿತು. ದುಡ್ಡು ಕೊಟ್ಟು ಹೋಗಿ, ನೋಡದೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ನಾವಿರುವುದು ಜಪಾನಿನ ಯೊಕೊಹಾಮಾದಲ್ಲಿ. ಹೋಗಿದ್ದು ಕುಸಾತ್ಸುಗೆ. ಗುನ್ಮಾ ಪ್ರಾಂತ್ಯದ ಬೆಟ್ಟಗಳ ನಡುವೆ, ಸುಮಾರು 1,200 ಮೀಟರ್ ಎತ್ತರದಲ್ಲಿರುವ ಬಿಸಿನೀರಿನ ಊರು. ಪಕ್ಕದಲ್ಲೇ ಜ್ವಾಲಾಮುಖಿ ಬೆಟ್ಟ. 2018ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಸಿಡಿದಿತ್ತು. ನೆಲದಡಿ ಅಂಥ ಒಲೆ ಇರುವುದರಿಂದಲೇ ಊರಿಗೆಲ್ಲ ಪುಕ್ಕಟೆ ಬಿಸಿನೀರು. ನಿಮಿಷಕ್ಕೆ 32,000 ಲೀಟರಿಗಿಂತ ಜಾಸ್ತಿ ತಾನಾಗಿ ಉಕ್ಕುತ್ತದೆ. ಸೋಲಾರಿನ ನಲ್ಲಿ ತಿರುಗಿಸಿ, ಬಿಸಿ ಬರುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ತುಂಬಿಸಿಟ್ಟವರಿಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಊರ ನಟ್ಟನಡುವೆ ಯುಬಾತಾಕೆ. ಅಂದರೆ ಬಿಸಿನೀರಿನ ಹೊಲ. ಸಾಲಾಗಿ ಹಾಸಿದ ಮರದ ಕಾಲುವೆಗಳಲ್ಲಿ ನೀರು ಹರಿದು ಆರುತ್ತದೆ, ತಳದಲ್ಲಿ ಗಂಧಕ ಕೂರುತ್ತದೆ. ಹತ್ತಿರದ ಒಂದು ಕಟ್ಟಡದಲ್ಲಿ ಹೆಂಗಸರು ಉದ್ದುದ್ದ ಹಲಗೆ ಹಿಡಿದು, ಮುದ್ದೆ ತೊಳಸುವ ಹಾಗೆ ನೀರನ್ನು ತೊಳಸಿ ಆರಿಸುತ್ತಾರೆ. ತಣ್ಣೀರು ಬೆರೆಸಿದರೆ ಅದರ ಗುಣ ಕೆಡುತ್ತದಂತೆ. ಇದನ್ನೆಲ್ಲ ನಾನು ಕಣ್ಣಾರೆ ನೋಡಿದೆ ಅಂದುಕೊಳ್ಳಬೇಡಿ. ನಾನು ಕಂಡದ್ದು ಬಿಳಿ ಬಣ್ಣ, ಮೂಗಿಗೆ ಬಡಿದದ್ದು ಕೊಳೆತ ಮೊಟ್ಟೆಯ ವಾಸನೆ. ಮಿಕ್ಕಿದ್ದೆಲ್ಲ ಹೆಂಡತಿಯ ವರದಿ.

ಅವಳಿಗೆ ಕಣ್ಣು ಹದ್ದಿನದು. ಹೆಜ್ಜೆಗೊಂದು ಸಲ “ರೀ, ಅಲ್ನೋಡಿ!” ನಾನು ಕನ್ನಡಕ ಒರೆಸಿ ಮೂಗಿಗೇರಿಸುವಷ್ಟರಲ್ಲಿ “ಅಯ್ಯೋ, ಹೋಯ್ತು.” ಏನು ಹೋಯಿತು ಅಂತ ಇವತ್ತಿಗೂ ಹೇಳಿಲ್ಲ. ಬೀದಿಯಲ್ಲಿ ಅಂಗಡಿಯವರು ಹಬೆಯಾಡುವ ಸಿಹಿಯೊಂದನ್ನು ರುಚಿಗೆ ಕೊಡುತ್ತಾರೆ. ನಮ್ಮ ಹೂರಣದ ಕಡುಬಿನ ದೂರದ ಸಂಬಂಧಿ. ಹೆಸರು ಮಂಜೂ. ಬಾಯಿಯ ಹತ್ತಿರ ತಂದೆ ನೋಡಿ, ಕನ್ನಡಕಕ್ಕೆ ಮಂಜು! ಇಷ್ಟು ಸರಿಯಾಗಿ ಹೆಸರಿಟ್ಟ ತಿಂಡಿಯನ್ನು ನಾನು ಬೇರೆಲ್ಲೂ ತಿಂದಿಲ್ಲ.

ಮೊದಲ ದಿನವೇ ಅವಳ ಬೆಳ್ಳಿ ಕಾಲುಂಗುರ ಗಂಧಕದ ನೀರಿಗೆ ಕಪ್ಪಾಯಿತು. “ಛೇ, ಪಾಪ” ಅಂದೆ. ಒಳಗೊಳಗೇ ಖುಷಿ. ಒಂದಾದರೂ ಅವಳಿಗೂ ಆಗಬೇಕಲ್ವಾ?

ಸಂಜೆ ಹೋಟೆಲಿನ ಬಯಲು ಕೊಳಕ್ಕೆ ಹೊರಟೆ. ಕುತ್ತಿಗೆಯವರೆಗೆ ಬಿಸಿನೀರು, ತಲೆಯ ಮೇಲೆ ಬೀಳುವ ಹಿಮ. ಜನ ಇದಕ್ಕೇ ಅಲ್ಲಿಗೆ ಹೋಗುವುದು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಒಂದು ಫಲಕ: ಕನ್ನಡಕ ತೆಗೆದಿಡಿ, ಶಾಖಕ್ಕೆ ಲೆನ್ಸಿನ ಲೇಪ ಹಾಳಾಗುತ್ತದೆ. ಆ ನೀರೋ ನಿಂಬೆರಸದಷ್ಟು ಹುಳಿ, ಕಬ್ಬಿಣದ ಮೊಳೆಯನ್ನೇ ಕರಗಿಸುತ್ತದೆ. ಆದರೆ ನನ್ನದು ಮೈನಸ್ ಏಳು. ತೆಗೆದಿಟ್ಟರೆ ಹಿಮ ಇರಲಿ, ಕೊಳ ಎಲ್ಲಿದೆ ಅಂತಲೂ ಕಾಣುವುದಿಲ್ಲ. ಪ್ರೀತಿಯ ಕಾಯಿಲೆಯೊಂದನ್ನು ಬಿಟ್ಟು ಈ ನೀರು ಎಲ್ಲವನ್ನೂ ವಾಸಿ ಮಾಡುತ್ತದೆ ಅಂತ ಆ ಊರಲ್ಲೊಂದು ಹಳೆಯ ಮಾತಿದೆ. ಪ್ರೀತಿಯ ಪಕ್ಕದಲ್ಲಿ ಮೈನಸ್ ಏಳನ್ನೂ ಸೇರಿಸಿಕೊಳ್ಳಲಿ.

ಫಲಕ ಓದಿಯೂ ಹಾಕಿಕೊಂಡೇ ಹೋದೆ. ನೀರಿಗಿಳಿದೆ. ಎರಡೂ ಗಾಜು ಸುಣ್ಣ ಬಳಿದ ಗೋಡೆ. ಬೆರಳಲ್ಲಿ ಒರೆಸಿದರೆ ಎರಡು ಉಸಿರಿನಷ್ಟು ಹೊತ್ತು ಒಂದು ಕೊಂಬೆ ಕಾಣಿಸಿತು, ಮತ್ತೆ ಸುಣ್ಣ. ಬೇಸತ್ತು ತೆಗೆದು ಬಂಡೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿದರೆ ಇಲ್ಲ!

ಕನ್ನಡಕ ಹುಡುಕಲು ಕನ್ನಡಕ ಬೇಕು. ಮೈಮೇಲೆ ನೂಲಿಲ್ಲದೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮೊಣಕಾಲೂರಿ ಬಂಡೆಗಳನ್ನು ಒಂದೊಂದಾಗಿ ಸವರಿದೆ. ಹಿಮ, ಹಿಮ, ಯಾರದೋ ಟವೆಲು, ಮತ್ತೆ ಹಿಮ. ಆಗ ಹಬೆಯೊಳಗಿಂದ ಒಂದು ಕೈ ಬಂತು. ಹಿಂದೆ ಮುದುಕರೊಬ್ಬರ ಆಕಾರ. “ದೋಝೋ”, ಅಂದರೆ ತಗೊಳ್ಳಿ, ಅನ್ನುತ್ತಾ ಎರಡೂ ಕೈಯಲ್ಲಿ ಕನ್ನಡಕ ಹಿಡಿದು ಕೊಟ್ಟರು. ನಾನು ಸೊಂಟದವರೆಗೂ ಬಗ್ಗಿ ನಮಸ್ಕರಿಸಿ ಹಾಕಿಕೊಂಡೆ.

ಎಲ್ಲ ಅಲೆಅಲೆ. ಮರ ಬಾಗಿ ನೀರು ಕುಡಿಯುತ್ತಿತ್ತು. ದೀಪ ಒಂದಿದ್ದದ್ದು ಮೂರಾಯಿತು. ಆಮ್ಲದ ನೀರಿಗೆ ಲೆನ್ಸ್ ಕರಗಿಯೇ ಹೋಯಿತಲ್ಲ, ಫಲಕದ ಮಾತು ಕೇಳಬೇಕಿತ್ತು ಅಂತ ತಲೆ ಚಚ್ಚಿಕೊಂಡೆ. ಒರೆಸಿದೆ, ಅದ್ದಿದೆ, ಮತ್ತೆ ಒರೆಸಿದೆ. ಹೀಗೇ ಹತ್ತು ನಿಮಿಷ. ಪಕ್ಕದಲ್ಲಿ ಏನೋ ತಡಕಾಡುವ ಸದ್ದು. “ಮೆಗಾನೆ... ಮೆಗಾನೆ...” ಜಪಾನಿಯಲ್ಲಿ ಮೆಗಾನೆ ಅಂದರೆ ಕನ್ನಡಕ.

ಪುಣ್ಯಾತ್ಮರು ತಮ್ಮದನ್ನೇ ನನಗೆ ಕೊಟ್ಟಿದ್ದರು. ಅವರಿಗೂ ಕಾಣುತ್ತಿರಲಿಲ್ಲ!

ವಾಪಸ್ ಕೊಟ್ಟಾಗ ಹಾಕಿಕೊಂಡು ನೋಡಿ, ಕೊಳ ಕಲಕುವ ಹಾಗೆ ನಕ್ಕರು. ಆಮೇಲೆ ಇಬ್ಬರೂ ಸೇರಿ ತಡಕಿದೆವು. ನನ್ನದು ಬಂಡೆಯ ಸಂದಿನ ಹಿಮದಲ್ಲಿ ಹೂತುಹೋಗಿತ್ತು.

ಹಾಕಿಕೊಳ್ಳಲಿಲ್ಲ. ಸುಮ್ನೆ ಕೂತೆ. ಎಂಟನೇ ವಯಸ್ಸಿಗೇ ಕನ್ನಡಕ ಬಂದವನು ನಾನು. ಎಣ್ಣೆ ನೀರಿನ ದಿನ ಅಜ್ಜಿ ಅದನ್ನು ಬಚ್ಚಲುಮನೆಯ ಗೂಡಿನಲ್ಲಿಟ್ಟು, ಹಂಡೆಯಿಂದ ಬಿಸಿನೀರು ಮೊಗೆದು ಹುಯ್ಯುತ್ತಿದ್ದಳು. ಹಬೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. “ಕಣ್ಮುಚ್ಚೋ, ಸೀಗೆಪುಡಿ ಹೋಗತ್ತೆ” ಅನ್ನುವ ದನಿ ಮಾತ್ರ. ಈಗ ನೆನೆಸಿಕೊಂಡರೂ ಮುಖಕ್ಕಿಂತ ಮೊದಲು ಆ ದನಿಯೇ ಬರುತ್ತದೆ.

ಪಕ್ಕದ ಮುದುಕರ ಕನ್ನಡಕವೂ ಅಷ್ಟು ಹೊತ್ತಿಗೆ ಬೆಳ್ಳಗಾಗಿತ್ತು. ಅದೇ ಗಾಜನ್ನು ಮರದ ಕಡೆಗೆತ್ತಿ “ಹಿಮ ಎಷ್ಟು ಚೆನ್ನಾಗಿ ಬೀಳ್ತಾ ಇದೆ, ಅಲ್ವಾ?” ಅಂದರು.

“ಹೌದು, ತುಂಬಾ ಚೆನ್ನಾಗಿದೆ” ಅಂದೆ.